ಆಡ್‌ಡಬ್ಲ್ಯೂಕ್ಲೀನರ್: ವರ್ಷಗಟ್ಟಲೆ ಬಳಸಿದ ಮೇಲಿನ ವಿಮರ್ಶೆ

ಐದಕ್ಕೆ ನಾಲ್ಕು ಸ್ಟಾರ್. ಮನೆಯ ವಿಂಡೋಸ್ ಕಂಪ್ಯೂಟರಿಗೆ ಆಡ್‌ವೇರ್ (ಕೇಳದೆ ಜಾಹೀರಾತು ತುರುಕುವ ತಂತ್ರಾಂಶ) ಹೊಕ್ಕಿದೆ, ಬ್ರೌಸರ್ ತೆರೆದರೆ ಯಾವುದೋ ಹೆಸರಿಲ್ಲದ ಸರ್ಚ್ ಪುಟ ಬರುತ್ತಿದೆ ಎಂದಾದರೆ ಮೊದಲು ಓಡಿಸಬೇಕಾದ ಟೂಲ್ ಇದೇ. ಆದರೆ ಇದೊಂದನ್ನೇ ಓಡಿಸಿ ಕೆಲಸ ಮುಗಿಯಿತು ಅಂದುಕೊಂಡವರ ಕಂಪ್ಯೂಟರಿನಲ್ಲಿ ಅದೇ ಪುಟ ಎರಡು ದಿನಕ್ಕೆ ಮತ್ತೆ ವಕ್ಕರಿಸುತ್ತದೆ. ಕಮ್ಮಿಯಾದ ಒಂದು ಸ್ಟಾರ್ ಅದಕ್ಕೆ.

ಮೊದಲು ಇದು ಏನು ಅನ್ನುವುದು. 2011ರಲ್ಲಿ ಸ್ವತಂತ್ರ ಟೂಲ್ ಆಗಿ ಶುರುವಾಗಿ, 2016ರಲ್ಲಿ ಮಾಲ್‌ವೇರ್‌ಬೈಟ್ಸ್ ಕಂಪನಿಯ ಕೈಸೇರಿತು. ಪೂರ್ತಿ ಉಚಿತ. ಒಂದೇ ಎಕ್ಸಿ ಫೈಲ್, ಇನ್‌ಸ್ಟಾಲ್ ಮಾಡುವ ರಗಳೆ ಇಲ್ಲ. ಡೌನ್‌ಲೋಡ್ ಮಾಡಿ ಡಬಲ್ ಕ್ಲಿಕ್ ಮಾಡಿದರೆ ಆಯಿತು. ವಿಂಡೋಸ್‌ಗೆ ಮಾತ್ರ, ಮ್ಯಾಕ್‌ಗೆ ಇಲ್ಲ. ಇದೇ ಹೆಸರಿಟ್ಟುಕೊಂಡು ದುಡ್ಡು ಕೇಳುವ ನಕಲಿಗಳು ಹಿಂದೆ ಓಡಾಡಿದ್ದುಂಟು, ಹಾಗಾಗಿ ಮಾಲ್‌ವೇರ್‌ಬೈಟ್ಸ್‌ನ ಸ್ವಂತ ಸೈಟಿನಿಂದಲೇ ಇಳಿಸಿಕೊಳ್ಳಿ. ಅನುಮಾನವಿದ್ದರೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಿಗ್ನೇಚರ್ಸ್ ಟ್ಯಾಬ್ ನೋಡಿ. ಅಲ್ಲಿ ಕಂಪನಿಯ ಹೆಸರಿಲ್ಲದಿದ್ದರೆ, ಅಥವಾ ಆ ಟ್ಯಾಬೇ ಇಲ್ಲದಿದ್ದರೆ, ಅಳಿಸಿಬಿಡಿ. ಆಡ್‌ವೇರ್ ತೆಗೆಯಲು ಹೋಗಿ ಇನ್ನೊಂದು ಆಡ್‌ವೇರ್ ತಂದುಕೊಳ್ಳುವುದು ಈ ಕ್ಷೇತ್ರದಲ್ಲಿ ಮಾಮೂಲು.

ಸ್ಕ್ಯಾನ್ ಕೆಲವೇ ನಿಮಿಷಗಳಲ್ಲಿ ಮುಗಿಯುವುದನ್ನು ನೋಡಿ ಕೆಲವರು "ಇಷ್ಟು ಬೇಗ ಏನು ಹುಡುಕುತ್ತದೆ?" ಎನ್ನುತ್ತಾರೆ. ಆಂಟಿವೈರಸ್ ಥರ ಡಿಸ್ಕ್‌ನ ಒಂದೊಂದು ಫೈಲನ್ನೂ ಇದು ತೆರೆದು ನೋಡುವುದಿಲ್ಲ. ಆಡ್‌ವೇರ್ ಸಾಮಾನ್ಯವಾಗಿ ಬೀಡುಬಿಡುವ ಜಾಗಗಳನ್ನಷ್ಟೇ ತಡಕುತ್ತದೆ: ಪ್ರೋಗ್ರಾಂ ಫೈಲ್ಸ್, ಪ್ರೋಗ್ರಾಂಡೇಟಾ, ಆ್ಯಪ್‌ಡೇಟಾ ಫೋಲ್ಡರುಗಳು, ರಿಜಿಸ್ಟ್ರಿ ಕೀಗಳು (ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ಜಾಗ), ಸರ್ವಿಸ್‌ಗಳು, ಶೆಡ್ಯೂಲ್ಡ್ ಟಾಸ್ಕ್‌ಗಳು, ಶಾರ್ಟ್‌ಕಟ್‌ಗಳು, ಬ್ರೌಸರ್ ಪ್ರೊಫೈಲುಗಳು. ವೇಗಕ್ಕೆ ಕಾರಣ ಇದೇ, ಮಿತಿಯೂ ಇದೇ. ಟ್ರೋಜನ್, ರ‍್ಯಾನ್ಸಮ್‌ವೇರ್, ಪಾಸ್‌ವರ್ಡ್ ಕಳ್ಳರು ಇದರ ಪಾಲಿನವರಲ್ಲ. ಹಿನ್ನೆಲೆಯಲ್ಲಿ ಕೂತು ಕಾಯುವ ರಕ್ಷಣೆಯೂ ಇಲ್ಲ. ನೀವು ಓಡಿಸಿದಾಗ ನೋಡುತ್ತದೆ, ಮುಚ್ಚಿದರೆ ಮುಗಿಯಿತು.

ಫಲಿತಾಂಶದ ಪಟ್ಟಿಯಲ್ಲಿ ಹೆಚ್ಚಿನವು "ಪಪ್ ಡಾಟ್ ಆಪ್ಷನಲ್" ಎಂದು ಶುರುವಾಗುತ್ತವೆ. ವೈರಸ್ ಅಲ್ಲ, ಆದರೆ ನೀವು ಬೇಕೆಂದು ಹಾಕಿಕೊಂಡದ್ದೂ ಅಲ್ಲದ ತಂತ್ರಾಂಶ ಎಂದರ್ಥ. ಇವನ್ನು ಟಿಕ್ ಮಾಡಿ ಕ್ವಾರಂಟೈನ್‌ಗೆ (ಪೂರ್ತಿ ಅಳಿಸದೆ ಬೇರೆಯಾಗಿ ಕೂಡಿಹಾಕುವ ಜಾಗ) ಕಳಿಸಲು ಹಿಂಜರಿಯಬೇಕಿಲ್ಲ. ಎಚ್ಚರ ಬೇಕಾದದ್ದು ಪ್ರಿಇನ್‌ಸ್ಟಾಲ್ಡ್ ಸಾಫ್ಟ್‌ವೇರ್ ಎಂದು ಪ್ರತ್ಯೇಕವಾಗಿ ತೋರಿಸುವ ಪಟ್ಟಿಯಲ್ಲಿ. ಲ್ಯಾಪ್‌ಟಾಪ್ ತಯಾರಕರು ಹಾಕಿ ಕಳಿಸಿದ ಸಾಮಾನು ಅದು. ಅದರಲ್ಲಿ ಕಸವೂ ಇರುತ್ತದೆ. ಎಫ್ಎನ್ ಕೀಗಳು, ಬ್ಯಾಟರಿ ಚಾರ್ಜ್ ಮಿತಿ, ಫ್ಯಾನ್ ವೇಗ ನೋಡಿಕೊಳ್ಳುವ ಕೆಲಸದ ಪ್ರೋಗ್ರಾಮುಗಳೂ ಇರುತ್ತವೆ. ಎಲ್ಲವನ್ನೂ ಒಟ್ಟಿಗೆ ಟಿಕ್ ಮಾಡಿದರೆ ಹೈಜಾಕರ್ (ಬ್ರೌಸರಿನ ಸರ್ಚ್ ಪುಟ ಬದಲಿಸುವ ಆಡ್‌ವೇರ್) ಜತೆಗೆ ಬ್ರೈಟ್‌ನೆಸ್ ಕೀಯೂ ಹೋದೀತು. ಹೆಸರು ಗೊತ್ತಿಲ್ಲದ್ದನ್ನು ಅಲ್ಲಿ ಮುಟ್ಟಬೇಡಿ.

ಈಗ ಮುಖ್ಯ ವಿಷಯ, ಕೆಲಸದ ಕ್ರಮ. ಟೂಲ್ ಎಷ್ಟೇ ಒಳ್ಳೆಯದಿದ್ದರೂ ಕ್ರಮ ತಪ್ಪಿದರೆ ಮಾಡಿದ್ದೆಲ್ಲ ನೀರುಪಾಲು.

ಸ್ಕ್ಯಾನಿಗೂ ಮುಂಚೆ ಕ್ರೋಮ್‌ನಲ್ಲಿ ಸಿಂಕ್ ಆಫ್ ಮಾಡಿ. "ತೆಗೆದರೂ ಮತ್ತೆ ಬರುತ್ತದೆ" ಎಂಬ ದೂರಿನ ಹಿಂದೆ ಬಹುಪಾಲು ಇರುವುದು ಈ ಸಿಂಕ್. ಹೈಜಾಕರ್ ಹಾಕಿದ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸುವ ಪುಟ್ಟ ಪ್ರೋಗ್ರಾಂ), ಸರ್ಚ್ ಎಂಜಿನ್, ಹೋಮ್‌ಪೇಜ್ ಎಲ್ಲವೂ ನಿಮ್ಮ ಅಕೌಂಟ್ ಜತೆ ಗೂಗಲ್ ಸರ್ವರಿಗೆ ಹೋಗಿ ಕೂತಿರುತ್ತವೆ. ಕ್ಲೀನರ್ ಡಿಸ್ಕಿನಿಂದ ಅಳಿಸುತ್ತದೆ, ಕ್ರೋಮ್ ಮರುಕ್ಷಣ ಸರ್ವರಿನಿಂದ ಇಳಿಸಿಕೊಳ್ಳುತ್ತದೆ. ಕ್ಲೀನರ್ ಬರೆದಿಡುವ ದಾಖಲೆಯಲ್ಲಿ, ಅಂದರೆ ಲಾಗ್‌ನಲ್ಲಿ, "ಸೆಕ್ಯೂರ್ ಪ್ರಿಫರೆನ್ಸಸ್" ಎಂಬ ಫೈಲಿನ ಹೆಸರಿನೊಂದಿಗೆ ಅದೇ ಸಾಲು ಪ್ರತಿ ಸ್ಕ್ಯಾನಿನಲ್ಲೂ ಕಾಣಿಸಿದರೆ ಸಿಂಕ್ ಮೇಲೆಯೇ ಗುಮಾನಿ ಪಡಿ. ಆಗ ಗೂಗಲ್ ಅಕೌಂಟಿನ ಕ್ರೋಮ್ ಸಿಂಕ್ ಪುಟಕ್ಕೆ ಹೋಗಿ, ಸರ್ವರಿನಲ್ಲಿರುವ ಡೇಟಾ ಅಳಿಸಿ, ಕಂಪ್ಯೂಟರ್ ಶುದ್ಧವಾದ ಮೇಲಷ್ಟೇ ಸಿಂಕ್ ಮತ್ತೆ ಆನ್ ಮಾಡಬೇಕು. ಅಳಿಸುವ ಮುಂಚೆ ಬುಕ್‌ಮಾರ್ಕ್‌ಗಳನ್ನು ಎಚ್‌ಟಿಎಂಎಲ್ ಫೈಲಾಗಿ, ಪಾಸ್‌ವರ್ಡ್‌ಗಳನ್ನು ಸಿಎಸ್‌ವಿ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಸಿಎಸ್‌ವಿಯಲ್ಲಿ ಪಾಸ್‌ವರ್ಡ್‌ಗಳು ಬಟಾಬಯಲಾಗಿರುತ್ತವೆ, ಕೆಲಸ ಮುಗಿದ ಮೇಲೆ ಅದನ್ನು ಉಳಿಸಬೇಡಿ. ಒಂದೇ ಅಕೌಂಟ್ ಎರಡು ಕಂಪ್ಯೂಟರಿನಲ್ಲಿದ್ದರೆ ಎರಡರಲ್ಲೂ ಸಿಂಕ್ ಆಫ್ ಇರಬೇಕು, ಇಲ್ಲದಿದ್ದರೆ ಒಂದು ಇನ್ನೊಂದಕ್ಕೆ ಅಂಟಿಸುತ್ತದೆ.

ಮುಂದೆ ವಿಂಡೋಸ್ ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯನ್ನು ಇನ್‌ಸ್ಟಾಲ್ ಆದ ದಿನಾಂಕದ ಪ್ರಕಾರ ಜೋಡಿಸಿ. ತೊಂದರೆ ಶುರುವಾದ ದಿನದ ಆಸುಪಾಸಿನಲ್ಲಿ ಬಂದ ಪಿಡಿಎಫ್ ಕನ್ವರ್ಟರ್, ಡ್ರೈವರ್ ಅಪ್‌ಡೇಟರ್, ಕೇಳದೇ ಬಂದ ಬ್ರೌಸರ್ ಇವನ್ನೆಲ್ಲ ಅನ್‌ಇನ್‌ಸ್ಟಾಲ್ ಮಾಡಿ. ಅನ್‌ಇನ್‌ಸ್ಟಾಲರ್ ನಡುವೆ "ಹೋಗಬೇಡಿ, ಈ ಆಫರ್ ನೋಡಿ" ಎಂಬಂಥ ಪರದೆ ಬರಬಹುದು. ಅಲ್ಲಿ ಎದ್ದುಕಾಣುವ ದೊಡ್ಡ ಬಟನ್ ಸಾಮಾನ್ಯವಾಗಿ ಉಳಿಸಿಕೊಳ್ಳುವ ಬಟನ್ ಆಗಿರುತ್ತದೆ, ಓದಿ ಒತ್ತಿ.

ಇದಾದ ಮೇಲೆ ಕ್ಲೀನರ್. ಸ್ಕ್ಯಾನ್ ನೌ ಒತ್ತಿ, ಪಟ್ಟಿ ಓದಿ, ಕ್ವಾರಂಟೈನ್ ಕೊಡಿ. ತೆರೆದಿರುವ ಪ್ರೋಗ್ರಾಮುಗಳನ್ನೆಲ್ಲ ಇದು ಮುಚ್ಚುತ್ತದೆ, ಹಾಗಾಗಿ ಅರ್ಧ ಬರೆದ ಡಾಕ್ಯುಮೆಂಟ್ ಇದ್ದರೆ ಮೊದಲೇ ಸೇವ್ ಮಾಡಿ. ರೀಸ್ಟಾರ್ಟ್ ಕೇಳಿದರೆ ಆಮೇಲೆ ಎನ್ನಬೇಡಿ, ಬಳಕೆಯಲ್ಲಿದ್ದ ಫೈಲುಗಳು ಅಳಿಯುವುದು ಆಗಲೇ. ಎದ್ದ ಮೇಲೆ ಇನ್ನೊಮ್ಮೆ ಸ್ಕ್ಯಾನ್ ಮಾಡಿ. ಸಿ ಡ್ರೈವ್‌ನಲ್ಲಿ ಇದರದೇ ಹೆಸರಿನ ಫೋಲ್ಡರ್ ಇರುತ್ತದೆ, ಒಳಗೆ ಲಾಗ್ಸ್. ಎಸ್00 ಎಂಬ ಗುರುತಿನದು ಸ್ಕ್ಯಾನಿನದು, ಸಿ00 ಎಂಬುದು ತೆಗೆದದ್ದರ ಲೆಕ್ಕ. ಎರಡು ಸ್ಕ್ಯಾನ್ ಲಾಗ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮರುಕಳಿಸುವ ಸಾಲು ಯಾವುದು ಅನ್ನುವುದು ತಾನೇ ಹೇಳುತ್ತದೆ.

ಆ ಮರುಕಳಿಸುವ ಸಾಲನ್ನು ಬೆನ್ನಟ್ಟುವುದು ಕೈಕೆಲಸ. ಕ್ರೋಮ್ ಮೆನುವಿನ ತಳದಲ್ಲಿ "ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಷನ್" ಎಂದು ಕಾಣಿಸಿದರೆ, ಮನೆಯ ಕಂಪ್ಯೂಟರಿಗೆ ಯಾವ ಆರ್ಗನೈಸೇಷನ್ ಎಂದು ಕೇಳಿಕೊಳ್ಳಬೇಕು. ಕಂಪನಿಗಳು ತಮ್ಮ ಸಾವಿರಾರು ಕಂಪ್ಯೂಟರುಗಳಿಗೆ ಒಟ್ಟಿಗೆ ನಿಯಮ ಹೇರಲು ಇರುವ ಪಾಲಿಸಿ ಸೌಲಭ್ಯವನ್ನು ಹೈಜಾಕರ್‌ಗಳು ಹಾಗೇ ಎತ್ತಿಕೊಂಡಿವೆ. ಬ್ರೌಸರಿನ ಅಡ್ರೆಸ್ ಬಾರ್‌ನಲ್ಲಿ ಕ್ರೋಮ್, ಕೋಲನ್, ಎರಡು ಸ್ಲ್ಯಾಶ್, ಪಾಲಿಸಿ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಎಡ್ಜ್‌ನಲ್ಲೂ ಇದೇ ಥರದ ಪುಟವಿದೆ, ಮೊದಲ ಪದ ಎಡ್ಜ್ ಅಷ್ಟೇ. ಅಲ್ಲಿ ಎಕ್ಸ್‌ಟೆನ್ಷನ್‌ಇನ್‌ಸ್ಟಾಲ್‌ಫೋರ್ಸ್‌ಲಿಸ್ಟ್ ಎಂಬ ಸಾಲು ಇದ್ದರೆ, ಅದರ ವ್ಯಾಲ್ಯೂ ಜಾಗದಲ್ಲಿ 32 ಅಕ್ಷರಗಳ ಅರ್ಥವಿಲ್ಲದ ಒಂದು ಸರಣಿ ಇರುತ್ತದೆ, ಇಂಗ್ಲಿಷಿನ ಎ ಯಿಂದ ಪಿ ವರೆಗಿನ ಅಕ್ಷರಗಳು ಮಾತ್ರ. ಅದೇ ಬಲವಂತವಾಗಿ ಹಾಕಿದ ಎಕ್ಸ್‌ಟೆನ್ಷನ್‌ನ ಐಡಿ. ಎಕ್ಸ್‌ಟೆನ್ಷನ್ ಪುಟದಲ್ಲಿ ರಿಮೂವ್ ಬಟನ್ ಕೆಲಸ ಮಾಡದಿರುವುದಕ್ಕೆ ಕಾರಣ ಈ ಸಾಲು.

ಇದಕ್ಕೆ ಕ್ಲೀನರ್‌ನ ಸೆಟ್ಟಿಂಗ್ಸ್‌ನಲ್ಲಿ ಕ್ರೋಮ್ ಪಾಲಿಸಿಗಳನ್ನು ರೀಸೆಟ್ ಮಾಡುವ ಒಂದು ಸ್ವಿಚ್ ಇದೆ. ಅದನ್ನು ಆನ್ ಮಾಡಿ ಬೇಸಿಕ್ ರಿಪೇರ್ ಓಡಿಸಿದರೆ ಬಹುತೇಕ ಸರಿಹೋಗುತ್ತದೆ. ಆಫೀಸು ಕೊಟ್ಟ ಲ್ಯಾಪ್‌ಟಾಪಿನಲ್ಲಿ ಮಾತ್ರ ಇದನ್ನು ಮಾಡಬೇಡಿ, ಅಲ್ಲಿನ ಪಾಲಿಸಿ ನಿಜವಾದದ್ದು. ಕೆಲವು ಆಂಟಿವೈರಸ್‌ಗಳೂ ಪಾಲಿಸಿ ಬರೆಯುತ್ತವೆ, ಹಾಗಾಗಿ ಅಳಿಸುವ ಮುಂಚೆ ಐಡಿಯನ್ನು ಸರ್ಚ್ ಮಾಡಿ ಯಾರದೆಂದು ನೋಡಿ.

ಪಾಲಿಸಿ ಅಳಿಸಿದರೂ ರೀಸ್ಟಾರ್ಟ್ ಆದ ಮೇಲೆ ಮತ್ತೆ ಮೂಡಿದರೆ, ಅದನ್ನು ಬರೆಯುತ್ತಿರುವವನು ಟಾಸ್ಕ್ ಶೆಡ್ಯೂಲರಿನಲ್ಲಿ (ನಿಗದಿತ ಹೊತ್ತಿಗೆ ಪ್ರೋಗ್ರಾಂ ಓಡಿಸುವ ವಿಂಡೋಸ್ ಸೌಲಭ್ಯ) ಅಡಗಿರುವ ಸಾಧ್ಯತೆ ಹೆಚ್ಚು. 2022ರಲ್ಲಿ ಹಬ್ಬಿದ ಕ್ರೋಮ್‌ಲೋಡರ್ ಎಂಬ ಹೈಜಾಕರ್ ಇದೇ ದಾರಿ ಹಿಡಿದಿತ್ತು: ಐಎಸ್ಒ ಫೈಲಿನೊಳಗೆ (ಇಡೀ ಡಿಸ್ಕಿನ ಪ್ರತಿಯಂಥ ಫೈಲ್) ಬಂದು, ಶೆಡ್ಯೂಲ್ಡ್ ಟಾಸ್ಕ್ ಮೂಲಕ ಪವರ್‌ಶೆಲ್ (ವಿಂಡೋಸ್‌ನ ಕಮಾಂಡ್ ಟೂಲ್) ಓಡಿಸಿ ಎಕ್ಸ್‌ಟೆನ್ಷನ್ ತಂದು ಹಾಕುತ್ತಿತ್ತು. ಟಾಸ್ಕ್ ಶೆಡ್ಯೂಲರ್ ತೆರೆದು, ಎಡಗಡೆ ಟಾಸ್ಕ್ ಶೆಡ್ಯೂಲರ್ ಲೈಬ್ರರಿ ಮೇಲೆ ಕ್ಲಿಕ್ ಮಾಡಿ, ಒಂದೊಂದು ಟಾಸ್ಕಿನ ಆ್ಯಕ್ಷನ್ಸ್ ಟ್ಯಾಬ್ ನೋಡಿ. ಹೆಸರು ನೋಡಿ ಮೋಸಹೋಗಬೇಡಿ, ಹೆಸರು ಏನು ಬೇಕಾದರೂ ಇಡಬಹುದು. ಪವರ್‌ಶೆಲ್ ಹೆಸರಿನ ಮುಂದೆ "ಹಿಡನ್" ಪದ, ಅದರ ಬೆನ್ನಿಗೆ ನೂರಾರು ಅಕ್ಷರಗಳ ಗಿಜಿಬಿಜಿ ಇದ್ದರೆ, ಅಥವಾ ಆ್ಯಪ್‌ಡೇಟಾ ಒಳಗಿನ ಅಡ್ಡಾದಿಡ್ಡಿ ಹೆಸರಿನ ಫೋಲ್ಡರಿನಿಂದ ಏನಾದರೂ ಓಡುತ್ತಿದ್ದರೆ, ಮೊದಲು ಡಿಸೇಬಲ್ ಮಾಡಿ, ಏನೂ ಕೆಟ್ಟಿಲ್ಲವೆಂದು ಖಾತ್ರಿಯಾದ ಮೇಲೆ ಡಿಲೀಟ್ ಮಾಡಿ. ಮೈಕ್ರೋಸಾಫ್ಟ್ ಹೆಸರಿನ ಉಪಫೋಲ್ಡರಿನಲ್ಲಿ ಇರುವವು ಹೆಚ್ಚಾಗಿ ವಿಂಡೋಸ್‌ನವೇ, ಅಲ್ಲಿ ಕೈಯಾಡಿಸಬೇಡಿ. ಟಾಸ್ಕ್‌ಗಳನ್ನೆಲ್ಲ ಒಂದೇ ಕಡೆ ನೋಡಲು ಮೈಕ್ರೋಸಾಫ್ಟ್‌ನ ಆಟೋರನ್ಸ್ ಎಂಬ ಉಚಿತ ಟೂಲ್ ಇನ್ನೂ ಸಲೀಸು. ಅದರಲ್ಲಿ ಮೈಕ್ರೋಸಾಫ್ಟ್ ಎಂಟ್ರಿಗಳನ್ನು ಮರೆಮಾಡಿದರೆ ಪಟ್ಟಿ ಸಾಕಷ್ಟು ಚಿಕ್ಕದಾಗುತ್ತದೆ.

ಶಾರ್ಟ್‌ಕಟ್ ಸಂಗತಿ ಚಿಕ್ಕದು. ಬ್ರೌಸರ್ ಐಕಾನ್‌ನ ಪ್ರಾಪರ್ಟೀಸ್‌ನಲ್ಲಿ ಟಾರ್ಗೆಟ್ ಸಾಲಿನಲ್ಲಿ ಎಕ್ಸಿ ಹೆಸರಾದ ಮೇಲೆ ವೆಬ್ ವಿಳಾಸವೊಂದು ಜೋತುಬಿದ್ದಿದ್ದರೆ ಅದಷ್ಟನ್ನೇ ಅಳಿಸಿ. ಟಾಸ್ಕ್‌ಬಾರ್, ಡೆಸ್ಕ್‌ಟಾಪ್, ಸ್ಟಾರ್ಟ್ ಮೆನು ಮೂರರಲ್ಲಿರುವುದೂ ಬೇರೆಬೇರೆ ಶಾರ್ಟ್‌ಕಟ್.

ಕೊನೆಗೆ ಬ್ರೌಸರಿನೊಳಗಿನ ರೀಸೆಟ್. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ರೀಸೆಟ್ ಸೆಟ್ಟಿಂಗ್ಸ್. ಇದು ಸರ್ಚ್ ಎಂಜಿನ್, ಹೊಸ ಟ್ಯಾಬ್, ಆರಂಭದ ಪುಟಗಳನ್ನು ಮೊದಲಿನಂತೆ ಮಾಡಿ, ಎಕ್ಸ್‌ಟೆನ್ಷನ್‌ಗಳನ್ನು ಆಫ್ ಮಾಡಿ, ಕುಕೀಗಳನ್ನು ಅಳಿಸುತ್ತದೆ. ಬುಕ್‌ಮಾರ್ಕ್, ಹಿಸ್ಟರಿ, ಪಾಸ್‌ವರ್ಡ್ ಉಳಿಯುತ್ತವೆ. ಫೈರ್‌ಫಾಕ್ಸ್‌ನಲ್ಲಿ ಇದಕ್ಕೆ ರಿಫ್ರೆಶ್ ಎನ್ನುತ್ತಾರೆ. ಫೈರ್‌ಫಾಕ್ಸ್‌ನ ಹೋಮ್‌ಪೇಜ್ ಬದಲಿಸಿದಷ್ಟೂ ವಾಪಸ್ ಬರುತ್ತಿದ್ದರೆ ಪ್ರೊಫೈಲ್ ಫೋಲ್ಡರಿನಲ್ಲಿ ಯೂಸರ್ ಡಾಟ್ ಜೆಎಸ್ ಎಂಬ ಫೈಲ್ ಇದೆಯೇ ನೋಡಿ. ಪ್ರತಿ ಸಲ ತೆರೆದಾಗಲೂ ನಿಮ್ಮ ಸೆಟ್ಟಿಂಗನ್ನು ಅದು ತುಳಿದುಹಾಕುತ್ತದೆ. ನೀವೇ ಮಾಡಿಟ್ಟದ್ದಲ್ಲವಾದರೆ ಅಳಿಸಬಹುದು.

ಈ ಟೂಲ್ ಬಗ್ಗೆ ಬರುವ ಅತಿ ಅನ್ಯಾಯದ ದೂರು ಎಂದರೆ "ಪರದೆಯ ಬಲಮೂಲೆಯಲ್ಲಿ ವೈರಸ್ ಬಂದಿದೆ ಅಂತ ಹೊಡೆದುಕೊಳ್ಳುತ್ತಿದೆ, ಇದು ಸೊನ್ನೆ ತೋರಿಸುತ್ತಿದೆ" ಎನ್ನುವುದು. ಅಲ್ಲಿ ತೆಗೆಯಲು ಏನೂ ಇರುವುದಿಲ್ಲ. ಯಾವುದೋ ಸೈಟು "ನೀವು ರೋಬೋಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ" ಎಂದಾಗ ಒತ್ತಿದ್ದರ ಫಲ ಅದು, ಬರುತ್ತಿರುವುದು ಬ್ರೌಸರ್ ನೋಟಿಫಿಕೇಷನ್. ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್‌ಗೆ ಹೋಗಿ ಅಲೋ ಪಟ್ಟಿಯಲ್ಲಿರುವ ಅಪರಿಚಿತ ಸೈಟುಗಳನ್ನು ತೆಗೆದರೆ ಅರ್ಧ ನಿಮಿಷದ ಕೆಲಸ. ನೋಟಿಫಿಕೇಷನ್ ಪೆಟ್ಟಿಗೆಯಲ್ಲಿ ಸಣ್ಣಕ್ಷರದಲ್ಲಿ ಬ್ರೌಸರಿನ ಹೆಸರೂ ಸೈಟಿನ ವಿಳಾಸವೂ ಇರುತ್ತದೆ, ಅದನ್ನು ನೋಡಿದರೆ ಇದು ಆಂಟಿವೈರಸ್ ಅಲ್ಲವೆಂದು ತಿಳಿಯುತ್ತದೆ.

ತೆಗೆದಾದ ಮೇಲೆ ಇಂಟರ್‌ನೆಟ್ಟೇ ಹೋಯಿತು ಅನ್ನುವವರೂ ಇದ್ದಾರೆ. ಆಡ್‌ವೇರ್ ತನ್ನದೇ ಪ್ರಾಕ್ಸಿಯನ್ನು (ಬ್ರೌಸರ್ ಮತ್ತು ಇಂಟರ್‌ನೆಟ್ ಮಧ್ಯದ ದಲ್ಲಾಳಿ) ನಡುವೆ ಕೂರಿಸಿತ್ತು, ಕ್ಲೀನರ್ ಆ ಪ್ರೋಗ್ರಾಂ ಕಿತ್ತಿತು, ಪ್ರಾಕ್ಸಿ ಸೆಟ್ಟಿಂಗ್ ಉಳಿಯಿತು. ಈಗ ಇಲ್ಲವಾದ ಬಾಗಿಲನ್ನು ಬ್ರೌಸರ್ ತಟ್ಟುತ್ತಿದೆ. ವಿಂಡೋಸ್ ಸೆಟ್ಟಿಂಗ್ಸ್, ನೆಟ್‌ವರ್ಕ್, ಪ್ರಾಕ್ಸಿಯಲ್ಲಿ ಮ್ಯಾನ್ಯುವಲ್ ಪ್ರಾಕ್ಸಿ ಆಫ್ ಮಾಡಿ. ಅಲ್ಲೇ ಸೆಟಪ್ ಸ್ಕ್ರಿಪ್ಟ್ ಆನ್ ಇದ್ದರೆ ಅದನ್ನೂ ಆಫ್ ಮಾಡಿ. ಆಗಲೂ ಬರದಿದ್ದರೆ ಬೇಸಿಕ್ ರಿಪೇರ್‌ನಲ್ಲಿ ವಿನ್‌ಸಾಕ್ (ವಿಂಡೋಸ್‌ನ ನೆಟ್‌ವರ್ಕ್ ಭಾಗ) ರೀಸೆಟ್ ಕೊಟ್ಟು ರೀಸ್ಟಾರ್ಟ್ ಮಾಡಿ. ಆದರೆ ರಿಪೇರ್ ಸ್ವಿಚ್‌ಗಳನ್ನೆಲ್ಲ ಸುಮ್ಮನೆ ಒಟ್ಟಿಗೆ ಆನ್ ಮಾಡಬೇಡಿ. ಫೈರ್‌ವಾಲ್ ರೀಸೆಟ್ ಮಾಡಿದರೆ ನೀವೇ ಬರೆದಿದ್ದ ನಿಯಮಗಳು ಹೋಗುತ್ತವೆ, ಹೋಸ್ಟ್ಸ್ ಫೈಲ್ (ಯಾವ ಸೈಟಿನ ಹೆಸರು ಯಾವ ವಿಳಾಸಕ್ಕೆ ಎಂದು ಬರೆದಿರುವ ಫೈಲ್) ರೀಸೆಟ್ ಮಾಡಿದರೆ ನೀವು ಸೇರಿಸಿದ ಸಾಲುಗಳೂ ಹೋಗುತ್ತವೆ.

ಪರ್ಯಾಯಗಳ ಮಾತಿಗೆ ಬಂದರೆ, ಒಂದು ಕಾಲದ ಸಂಗಾತಿಗಳು ಈಗಿಲ್ಲ. ಜಂಕ್‌ವೇರ್ ರಿಮೂವಲ್ ಟೂಲ್ 2018ರಲ್ಲಿ ನಿಂತಿತು, ಕ್ರೋಮ್ ತನ್ನೊಳಗಿದ್ದ ಕ್ಲೀನಪ್ ಟೂಲನ್ನು 2023ರಲ್ಲಿ ತೆಗೆದುಹಾಕಿತು. ಹಳೆಯ ಲೇಖನಗಳು ಇನ್ನೂ ಅವನ್ನೇ ಹುಡುಕಲು ಹೇಳುತ್ತವೆ. ವಿಂಡೋಸ್ ಜತೆಗೇ ಬರುವ ಆಂಟಿವೈರಸ್ ಆದ ವಿಂಡೋಸ್ ಡಿಫೆಂಡರ್ ಮಾತ್ರ ನಿಜಕ್ಕೂ ಸುಧಾರಿಸಿದೆ: ವಿಂಡೋಸ್ ಸೆಕ್ಯೂರಿಟಿಯ ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್‌ನೊಳಗೆ, ರೆಪ್ಯುಟೇಷನ್ ಬೇಸ್ಡ್ ಪ್ರೊಟೆಕ್ಷನ್‌ನಲ್ಲಿ, ಪೊಟೆನ್ಷಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್ ಆನ್ ಇದೆಯೇ ನೋಡಿ. ಇದು ಬರುವುದನ್ನು ತಡೆಯುತ್ತದೆ, ಕ್ಲೀನರ್ ಬಂದದ್ದನ್ನು ಗುಡಿಸುತ್ತದೆ. ಎರಡೂ ಇರಲಿ, ಜಗಳವಾಡುವುದಿಲ್ಲ. ಆಡ್‌ವೇರ್ ಜತೆ ಬೇರೆ ಏನೋ ಇದೆ ಎಂಬ ಗುಮಾನಿಯಿದ್ದರೆ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಅದು ರೀಸ್ಟಾರ್ಟ್ ಮಾಡಿ, ವಿಂಡೋಸ್ ಪೂರ್ತಿ ಏಳುವ ಮುಂಚೆಯೇ ನೋಡುತ್ತದೆ, ಸುಮಾರು 15 ನಿಮಿಷ ಹಿಡಿಯುತ್ತದೆ.

ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿದ ಮೇಲೆ ತೊಂದರೆ ಶುರುವಾಗಿದ್ದರೆ ಮಾತ್ರ ಈ ಟೂಲನ್ನು ನಂಬಿ ಕೂರಬೇಡಿ. ಅಂಥವುಗಳೊಳಗೆ ಪಾಸ್‌ವರ್ಡ್ ಮತ್ತು ಕುಕೀ ಕದಿಯುವ ಪ್ರೋಗ್ರಾಂಗಳು ಬರುವುದು ಹೆಚ್ಚು, ಕಣ್ಣಿಗೆ ಕಾಣುವ ಆಡ್‌ವೇರ್ ಅದರ ಜತೆಗೆ ಬಂದದ್ದಷ್ಟೇ. ಬೇರೆ ಶುದ್ಧವಾದ ಸಾಧನದಿಂದ ಇಮೇಲ್, ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದಲೂ ಸೈನ್ ಔಟ್ ಮಾಡಿಸಿ, ಫೈಲುಗಳ ಪ್ರತಿ ತೆಗೆದಿಟ್ಟು ವಿಂಡೋಸ್ ಹೊಸದಾಗಿ ಹಾಕುವುದೇ ಸರಿ.

ಕ್ವಾರಂಟೈನ್‌ನಲ್ಲಿರುವುದನ್ನು ಅವತ್ತೇ ಅಳಿಸಬೇಡಿ. ಒಂದೆರಡು ವಾರ ಪ್ರಿಂಟರ್, ಸ್ಕ್ಯಾನರ್, ಲ್ಯಾಪ್‌ಟಾಪ್ ಕೀಗಳೆಲ್ಲ ಮೊದಲಿನಂತೆ ಓಡುತ್ತಿವೆಯೇ ನೋಡಿ. ಏನಾದರೂ ಕೆಟ್ಟಿದ್ದರೆ ಅಲ್ಲಿಂದ ಅದೊಂದನ್ನೇ ರಿಸ್ಟೋರ್ ಮಾಡಬಹುದು. ಸರಿಯಿದ್ದರೆ ಕ್ವಾರಂಟೈನ್ ಖಾಲಿ ಮಾಡಿ, ಎಕ್ಸಿ ಫೈಲನ್ನೂ ಅಳಿಸಿ. ಮುಂದಿನ ಸಲ ಬೇಕಾದಾಗ ಹೊಸ ಆವೃತ್ತಿಯನ್ನೇ ಇಳಿಸಿಕೊಂಡರಾಯಿತು.