ಆರ್ಕಾಟಾ ಮಾರ್ಷ್: ಕೊಳಚೆ ನೀರು ನೋಡೋಕೆ ಐದಾರು ಗಂಟೆ ಡ್ರೈವ್

ಟಿಕೆಟ್ ಇಲ್ಲ, ಪಾರ್ಕಿಂಗ್‌ಗೆ ದುಡ್ಡಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರಕ್ಕೆ 101 ಹೈವೇ ಹಿಡಿದು ಐದಾರು ಗಂಟೆ ಹೋಗಬೇಕು. ಅಷ್ಟು ದೂರ ಹೋಗಿ ನೋಡುವುದು ಒಂದು ಊರಿನ ಕೊಳಚೆ ನೀರನ್ನ ಅಂದಾಗ ಮನೆಯಲ್ಲಿ ಎಲ್ಲರೂ ನಕ್ಕರು. ಕೋಲಾರದಿಂದ ಬಂದಿದ್ದ ಅಪ್ಪ ಮಾತ್ರ ಸುಮ್ನೆ ಎದ್ದು ಶೂ ಹಾಕಿಕೊಂಡರು. 2018ರಿಂದ ನಮ್ಮ ಕಡೆಯ ಕೆರೆಗಳಿಗೆ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನವರು ಬಳಸಿ ಬಿಟ್ಟಿದ್ದನ್ನು ಶುದ್ಧ ಮಾಡಿದ ನೀರು ಬರುತ್ತಿದೆಯಲ್ಲ, ಈ ವಿಷಯದಲ್ಲಿ ಅವರಿಗೆ ನನಗಿಂತ ಅನುಭವ ಜಾಸ್ತಿ.

ಆರ್ಕಾಟಾ ಹಂಬೋಲ್ಟ್ ಕೊಲ್ಲಿಯ ದಡದಲ್ಲಿರುವ ಸುಮಾರು 18,000 ಜನರ ಊರು. ಇಲ್ಲಿನ ಮಾರ್ಷ್, ಅಂದರೆ ಜೌಗು, 307 ಎಕರೆ. ಒಂದು ಕಾಲಕ್ಕೆ ಇಲ್ಲಿದ್ದದ್ದು ಸಾ ಮಿಲ್ಲಿನವರು ದಿಮ್ಮಿ ತೇಲಿಬಿಡುತ್ತಿದ್ದ ಕೊಳ, ಊರಿನ ಕಸ ಸುರಿಯುವ ಜಾಗ. ಕಸದ ಗುಡ್ಡ ಈಗಲೂ ಇದೆ, ಮೇಲೆ ಹುಲ್ಲು ಬೆಳೆದಿದೆ ಅಷ್ಟೇ. ಜನ ಅದನ್ನು ತಮಾಷೆಗೆ ಮೌಂಟ್ ಟ್ರ್ಯಾಶ್‌ಮೋರ್ ಅನ್ನುತ್ತಾರೆ.

1970ರ ದಶಕದಲ್ಲಿ ಸುತ್ತಲಿನ ಊರುಗಳಿಗೆಲ್ಲ ಸೇರಿ ಒಂದು ದೊಡ್ಡ ಶುದ್ಧೀಕರಣ ಘಟಕ ಕಟ್ಟುವ ಯೋಜನೆ ಬಂದಿತ್ತು. ಆರ್ಕಾಟಾದವರು ಬೇಡ ಅಂದರು. ಅಲ್ಲಿನ ಯೂನಿವರ್ಸಿಟಿಯ ಜಾರ್ಜ್ ಆಲೆನ್ ಆಗಲೇ ಕೊಳಚೆ ನೀರಿಗೆ ಸಮುದ್ರದ ನೀರು ಬೆರೆಸಿ ಸಾಲ್ಮನ್ ಮರಿ ಸಾಕಿ ತೋರಿಸಿದ್ದರು. ಅದೇ ಯೂನಿವರ್ಸಿಟಿಯ ರಾಬರ್ಟ್ ಗಿಯರ್‌ಹಾರ್ಟ್ ಜೊತೆಗೂಡಿದರು. ವರ್ಷಗಟ್ಟಲೆ ಜಗ್ಗಾಡಿದ ಮೇಲೆ ಜೌಗಿನಲ್ಲೇ ಕೊಳಚೆ ನೀರು ಶುದ್ಧ ಮಾಡುವ ಪ್ರಯೋಗಕ್ಕೆ ಒಪ್ಪಿಗೆ ಸಿಕ್ಕಿ, 1986ಕ್ಕೆ ಪೂರ್ತಿ ವ್ಯವಸ್ಥೆ ಶುರುವಾಯಿತು. ಇಬ್ಬರ ಹೆಸರಲ್ಲೂ ಇಲ್ಲಿ ಒಂದೊಂದು ಜೌಗಿದೆ.

ಶನಿವಾರ ಮಧ್ಯಾಹ್ನ 2ಕ್ಕೆ ಸ್ವಯಂಸೇವಕರು ಉಚಿತವಾಗಿ ಸುತ್ತಿಸುತ್ತಾರೆ, ಅದನ್ನು ತಪ್ಪಿಸಬೇಡಿ. ಸುಮ್ನೆ ನೀವೇ ಓಡಾಡಿದರೆ ಇದೊಂದು ಚೆಂದದ ಕೆರೆ, ಅಷ್ಟೇ ಅನ್ನಿಸುತ್ತೆ. ಊರಿನದೇ ಶುದ್ಧೀಕರಣ ಘಟಕದಲ್ಲಿ ಮೊದಲು ಕೊಳಚೆಯ ಗಟ್ಟಿ ಪದಾರ್ಥ ತಳಕ್ಕೆ ಕೂರುತ್ತದೆ. ಉಳಿದ ನೀರು ದೊಡ್ಡ ಹೊಂಡಗಳಿಗೆ ಹೋಗಿ ಬಿಸಿಲಲ್ಲಿ ಪಾಚಿ ಕಟ್ಟಿ ಹಸಿರಾಗುತ್ತದೆ. ಅಲ್ಲಿಂದ ಜೊಂಡಿನ ನಡುವೆ ನಿಧಾನಕ್ಕೆ ಹರಿಯುತ್ತದೆ. ಜೊಂಡಿನ ನೆರಳಿಗೆ ಪಾಚಿ ಸತ್ತು ಕೆಳಗೆ ಇಳಿಯುತ್ತದೆ, ದಂಟಿಗೆ ಅಂಟಿಕೊಂಡ ಬ್ಯಾಕ್ಟೀರಿಯಾ ಉಳಿದ ಕೊಳೆ ತಿನ್ನುತ್ತವೆ. ಕೊನೆಗೆ ರೋಗಾಣು ಕೊಂದು ಕೊಲ್ಲಿಗೆ ಬಿಡುತ್ತಾರೆ.

ಅಪ್ಪ ಬಗ್ಗಿ ಜೊಂಡಿನ ಒಂದು ದಂಟು ಹಿಡಿದು ನೋಡಿದರು. ನೀರಿನೊಳಗಿನ ಭಾಗಕ್ಕೆ ಕಂದು ಲೋಳೆ ಮೆತ್ತಿಕೊಂಡಿತ್ತು. "ಇದೇ ಏನಪ್ಪಾ ಬ್ಯಾಕ್ಟೀರಿಯಾ?" ಅಂದರು. ಹೂಂ ಅಂದೆ. "ನಮ್ಮ ಕೆರೇಲಿ ಈ ಜೊಂಡು ಬೆಳೆದ್ರೆ ಪಂಚಾಯ್ತಿಯೋರು ದುಡ್ಡು ಕೊಟ್ಟು ಕೀಳಿಸ್ತಾರೆ. ಇಲ್ಲಿ ಇದಕ್ಕೇ ಕೆಲಸ ಕೊಟ್ಟಿದಾರೆ ನೋಡು." ಆಮೇಲೆ ಬೆರಳು ಮೂಸಿದರು. ನಾನು ಗಾಬರಿಯಾದೆ, ಅವರಿಗೇನೂ ಅನ್ನಿಸಲಿಲ್ಲ. ಬರೀ ಕೆಸರಿನ ವಾಸನೆಯಂತೆ.

ಹಕ್ಕಿ ನೋಡುವವರಿಗೆ ಒಂದು ಮಾತು. ಇಲ್ಲಿ 300ಕ್ಕೂ ಜಾಸ್ತಿ ಜಾತಿ ದಾಖಲಾಗಿವೆ, ಆದರೆ ಯಾವಾಗ ಹೋದರೂ ಸಿಗುತ್ತವೆ ಅಂದುಕೊಳ್ಳಬೇಡಿ. ಸಮುದ್ರದ ನೀರು ಏರುವ ಉಬ್ಬರದ ಹೊತ್ತಿಗೆ ಹೋಗಿ. ಕೊಲ್ಲಿಯ ಕೆಸರು ಮುಳುಗಿದಾಗ ದಡದ ಹಕ್ಕಿಗಳೆಲ್ಲ ಕ್ಲಾಪ್ ಲೇಕ್‌ಗೆ ಬಂದು, ಪುಟ್ಟ ನಡುಗಡ್ಡೆಗಳ ಮೇಲೆ ಮೈಗೆ ಮೈ ತಾಗಿಸಿಕೊಂಡು ಒಂದೇ ಕಾಲಲ್ಲಿ ನಿಲ್ಲುತ್ತವೆ. ನಾವು ಮೊದಲ ದಿನ ಇಳಿತದಲ್ಲಿ ಹೋಗಿ ಎರಡು ಬೆಳ್ಳಕ್ಕಿ ನೋಡಿ ಬಂದೆವು, ತಪ್ಪು ನಮ್ಮದೇ.

ಜುಲೈನಲ್ಲೂ ಜಾಕೆಟ್ ಬೇಕು. ಮಂಜು, ಗಾಳಿ, ಕಿವಿ ಮರಗಟ್ಟುತ್ತೆ. ಒಳಗೆ ತಿನ್ನೋಕೆ ಏನೂ ಸಿಗುವುದಿಲ್ಲ, ನಾವು ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದು ಒಳ್ಳೆಯದಾಯಿತು. ಹಿಂದಿನ ರಾತ್ರಿ ಉಳಿದಿದ್ದ ಮೋಟೆಲ್‌ನಲ್ಲಿ ಹೀಟರ್ ಕೆಟ್ಟಿತ್ತು, ಅದಕ್ಕೆ ಈ ಜೌಗಿನ ಮಾರ್ಕ್ಸ್ ಕಡಿಮೆ ಮಾಡೋಕಾಗಲ್ಲ ಅಲ್ವಾ. ಐದಕ್ಕೆ ಐದು.

ಅಪ್ಪ ಜೊಂಡಿನ ಫೋಟೋ ತೆಗೆದು ಅಲ್ಲಿಂದಲೇ ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಮೊದಲು ಬಂದ ಉತ್ತರ: "ಅಮೆರಿಕದಲ್ಲೂ ಕೆರೆ ಕ್ಲೀನ್ ಮಾಡ್ಸಲ್ವಾ?"