ಬಿಜೈಯ ಬೋರ್ಡಿಲ್ಲದ ಅಡುಗೆಮನೆ: ಮೂರು ತಿಂಗಳು ಅನ್ನವಿಲ್ಲದ ಡಬ್ಬಿ ತಿಂದ ಮೇಲೆ

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಯಾಕೆ ಕಡಿಮೆ ಅಂತ ಕೆಳಗೆ ಬರೆದಿದ್ದೇನೆ.

ಮಂಗಳೂರಿನ ಬಿಜೈಯ ಒಂದು ಒಳರಸ್ತೆಯಲ್ಲಿ ಒಬ್ಬರು ಅಕ್ಕ ಮನೆಯಲ್ಲೇ ಅಡುಗೆ ಮಾಡಿ ಡಬ್ಬಿ ಕಳಿಸುತ್ತಾರೆ. ಬೋರ್ಡ್ ಇಲ್ಲ, ಹೆಸರೂ ಇಟ್ಟಿಲ್ಲ. ಒಬ್ಬರಿಂದ ಒಬ್ಬರಿಗೆ ಹೋಗುವ ವಾಟ್ಸಾಪ್ ನಂಬರ್ ಅಷ್ಟೇ. ದಿನಕ್ಕೆ ಎರಡು ಡಬ್ಬಿ. ಒಂದು ಮಧ್ಯಾಹ್ನ 12.15ಕ್ಕೆ, ಇನ್ನೊಂದು ಸಂಜೆ 7ಕ್ಕೆ. ಅನ್ನ ಇಲ್ಲ, ಚಪಾತಿ ಇಲ್ಲ, ಬೇಳೆ ಇಲ್ಲ. ಮೀನು, ಕೋಳಿ, ಮೊಟ್ಟೆ, ಸೊಪ್ಪು, ತೆಂಗಿನಕಾಯಿ, ತುಪ್ಪ. ಹದಿನಾರು ಗಂಟೆ ಉಪವಾಸ ಇದ್ದು ಉಳಿದ ಎಂಟು ಗಂಟೆಯೊಳಗೆ ಎರಡು ಊಟ ಮುಗಿಸುವವರಿಗೆ ಅಂತಲೇ ಈ ಹೊತ್ತು ಇಟ್ಟಿದ್ದಾರೆ.

ನಾನು ಶುರು ಮಾಡಿದ್ದು ಏಪ್ರಿಲ್‌ನಲ್ಲಿ. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 6.2 ಬಂದಿತ್ತು. 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇದ್ದೀರಿ ಅಂತ ಲೆಕ್ಕ. ನಮ್ಮ ಡಾಕ್ಟರ್ ಮಾತ್ರೆ ಬರೆಯುವ ಮೊದಲು ಆರು ತಿಂಗಳು ಊಟ ಸರಿ ಮಾಡಿ ನೋಡಿ ಅಂದರು. ನನಗೆ 44 ವರ್ಷ, ತೂಕ 78 ಕಿಲೋ, ಬೆಳಗ್ಗಿಂದ ಸಂಜೆವರೆಗೆ ಲಾಲ್‌ಬಾಗ್‌ನ ಆಫೀಸಿನಲ್ಲಿ ಕುರ್ಚಿ ಮೇಲೆ ಕೂತಿರುವ ಕೆಲಸ.

ಇದಕ್ಕೂ ಮೊದಲು ಇನ್ನೊಂದು ಕಡೆಯಿಂದ ಕೀಟೋ ಡಬ್ಬಿ ತರಿಸಿದ್ದೆ, ಅಂದರೆ ಕೊಬ್ಬು ಜಾಸ್ತಿ, ಕಾರ್ಬ್ (ಅನ್ನ, ಸಕ್ಕರೆಯಲ್ಲಿರುವ ಕಾರ್ಬೋಹೈಡ್ರೇಟ್) ತೀರಾ ಕಡಿಮೆ ಇರುವ ಊಟ. ಹೂಕೋಸಿನ ತುರಿಯ ಅನ್ನ, ಪನೀರ್, ಮೇಯನೇಸ್, ಮತ್ತೆ ಪನೀರ್. ರುಚಿ ಹೇಗೋ ಸಹಿಸಬಹುದಿತ್ತು, ಆದರೆ ಹನ್ನೆರಡೂವರೆಗೆ ಬರಬೇಕಾದ್ದು ಒಂದು ದಿನ ಒಂದೂವರೆಗೆ, ಇನ್ನೊಂದು ದಿನ ಎರಡೂಕಾಲಿಗೆ. ಹಿಂದಿನ ರಾತ್ರಿ ಎಂಟಕ್ಕೆ ಊಟ ಮುಗಿಸಿ, ಬೆಳಗ್ಗೆ ಬರೀ ಕಪ್ಪು ಕಾಫಿ ಕುಡಿದು ಕೂತವರಿಗೆ ಆ ಎರಡು ಗಂಟೆ ಅಂದರೆ ಏನು ಅಂತ ಮಾಡಿದವರಿಗೇ ಗೊತ್ತು. ಪಕ್ಕದ ಮೇಜಿನಲ್ಲಿ ಯಾರೋ ಬನ್ಸ್ ಬಿಚ್ಚಿದರೆ ಮುಗಿಯಿತು. ಮೂರನೇ ವಾರಕ್ಕೆ ಬಿಟ್ಟೆ. ಉಪವಾಸ ಮತ್ತು ಕಡಿಮೆ ಕಾರ್ಬ್ ಎರಡನ್ನೂ ಒಟ್ಟಿಗೆ ಮಾಡುವಾಗ ಡಬ್ಬಿಯೊಳಗೆ ಏನಿದೆ ಅನ್ನುವಷ್ಟೇ ಮುಖ್ಯ ಅದು ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವುದು. ಈ ಅಕ್ಕನಿಗೆ ಅದು ಗೊತ್ತುಂಟು. ಮೂರು ತಿಂಗಳಲ್ಲಿ ತಡವಾದದ್ದು ಎರಡೇ ದಿನ. ಒಂದು ಜೂನ್‌ನ ಜೋರು ಮಳೆಯಲ್ಲಿ ರಸ್ತೆಯಲ್ಲಿ ನೀರು ನಿಂತಾಗ, ಇನ್ನೊಂದು ಡಬ್ಬಿ ತರುವ ಹುಡುಗನ ಸ್ಕೂಟರ್ ಪಂಕ್ಚರ್ ಆದಾಗ. ಎರಡು ಸಲವೂ 11.45ಕ್ಕೇ ಮೆಸೇಜ್ ಹಾಕಿ ತಿಳಿಸಿದ್ದರು.

ಊಟದ ವಿಷಯಕ್ಕೆ ಬರೋಣ. ಇಲ್ಲಿ ಬರುವುದು ನಮ್ಮ ಊರಿನ ಅಡುಗೆ. ಬಂಗುಡೆ ಪುಳಿಮುಂಚಿ, ಬೂತಾಯಿ ಗಸಿ, ಕೋರಿ ಸುಕ್ಕ, ಬಸಳೆಗೆ ಸಿಗಡಿ ಹಾಕಿದ್ದು, ತೊಂಡೆಕಾಯಿ ಉಪ್ಪುಕರಿ, ಹರಿವೆ ಪಲ್ಯ, ತಿಮರೆ ತಂಬುಳಿ. ಏಪ್ರಿಲ್‌ನಲ್ಲಿ ಮಟ್ಟುಗುಳ್ಳ ಸಿಗುತ್ತಿತ್ತು, ಅದನ್ನು ಕೆಂಡದಲ್ಲಿ ಸುಟ್ಟು ಗೊಜ್ಜು ಮಾಡಿ ಮೇಲೆ ಹಸಿ ತೆಂಗಿನೆಣ್ಣೆ ಬಿಟ್ಟು ಕಳಿಸುತ್ತಿದ್ದರು. ಡಬ್ಬಿ ತೆಗೆದ ಕೂಡಲೇ ಆ ಸುಟ್ಟ ವಾಸನೆ ಇಡೀ ಕೋಣೆಗೆ. ನೋಡಿ, ನಮ್ಮ ಕರಾವಳಿ ಊಟದಿಂದ ಅನ್ನ ಒಂದನ್ನು ತೆಗೆದರೆ ಉಳಿಯುವುದೆಲ್ಲ ಹೆಚ್ಚುಕಮ್ಮಿ ಕಡಿಮೆ ಕಾರ್ಬ್‌ನದ್ದೇ. ಬಂಗುಡೆ, ಬೂತಾಯಿ ಎರಡೂ ಕೊಬ್ಬಿನ ಮೀನು, ಒಮೆಗಾ 3 ಚೆನ್ನಾಗಿ ಇರುತ್ತದೆ. ಹಸಿ ತೆಂಗಿನಕಾಯಿ 100 ಗ್ರಾಂ ತಿಂದರೆ ಸುಮಾರು 33 ಗ್ರಾಂ ಕೊಬ್ಬು, 15 ಗ್ರಾಂ ಕಾರ್ಬ್, ಅದರಲ್ಲೂ 9 ಗ್ರಾಂ ಬರೀ ನಾರು. ಬೇಯಿಸಿದ ಅನ್ನ 100 ಗ್ರಾಂಗೇ ಸುಮಾರು 28 ಗ್ರಾಂ ಕಾರ್ಬ್. ಕೀಟೋದಲ್ಲಿ ಇಡೀ ದಿನಕ್ಕೆ 20ರಿಂದ 50 ಗ್ರಾಂ ಅಂತ ಇಟ್ಟುಕೊಳ್ಳುತ್ತಾರೆ. ಎರಡು ಸೌಟು ಕುಚ್ಚಲಕ್ಕಿ ಅನ್ನ ಬಡಿಸಿಕೊಂಡರೆ ಅಲ್ಲಿಗೆ ಆ ದಿನದ ಕೋಟಾ ಮುಗಿಯಿತು.

ನನಗೆ ತುಂಬ ಹಿಡಿಸಿದ್ದು ಅವರ ದೋಸೆ. ಮೊಟ್ಟೆ ಒಡೆದು ದಪ್ಪ ತೆಂಗಿನ ಹಾಲು, ಉಪ್ಪು ಸೇರಿಸಿ ಕಲಸಿ, ಬಿಸಿ ಕಾವಲಿಗೆ ತೆಳ್ಳಗೆ ಹೊಯ್ಯುತ್ತಾರೆ. ನೋಡಲಿಕ್ಕೆ ನೀರುದೋಸೆಯ ಹಾಗೇ, ಅಂಚೆಲ್ಲ ಜಾಲರಿ ಜಾಲರಿ. ನಾಲ್ಕು ಮಡಿಕೆ ಮಾಡಿ ಬಾಳೆ ಎಲೆಯಲ್ಲಿ ಸುತ್ತಿ ಇಟ್ಟಿರುತ್ತಾರೆ. ಕೈಯಲ್ಲಿ ಬಿಡಿಸಿದರೆ ಹರಿಯುವುದಿಲ್ಲ. ಕೋಳಿ ಗಸಿಯಲ್ಲಿ ಅದ್ದಿದರೆ ಅಕ್ಕಿ ದೋಸೆಯಷ್ಟು ರಸ ಹೀರುವುದಿಲ್ಲ ನಿಜ, ಆದರೆ ಒಂದು ತುತ್ತು ಕೈಯಲ್ಲಿ ಹಿಡಿದು ಉಣ್ಣುವ ಸುಖ ಸಿಗುತ್ತದೆ. ಮೊದಲ ಸಲ ತಿಂದಾಗ ನಿಜಕ್ಕೂ ಕಣ್ಣು ತುಂಬಿತು. ಎರಡು ವಾರದಿಂದ ಎಲ್ಲವನ್ನೂ ಚಮಚದಲ್ಲೇ ತಿನ್ನುತ್ತಿದ್ದೆ.

ಉಡುಪಿಯಲ್ಲಿರುವ ಅಮ್ಮನಿಗೆ ಮೊದಲು ಇದು ಒಪ್ಪಿಗೆಯೇ ಇರಲಿಲ್ಲ. "ಅನ್ನ ಇಲ್ಲದೆ ಎಂತ ಊಟ ಮಗಾ, ಉಪವಾಸ ಬೇರೆ" ಅಂತ ಪ್ರತಿ ಫೋನಿನಲ್ಲೂ ಹೇಳುತ್ತಿದ್ದರು. ಆದರೆ ಅಮ್ಮ ಸ್ವತಃ ಇವತ್ತಿಗೂ ಏಕಾದಶಿ ತಪ್ಪಿಸುವವರಲ್ಲ, ಆ ದಿನ ನೀರೂ ಮುಟ್ಟುವುದಿಲ್ಲ. ಮೂಡುಬಿದಿರೆ ಕಡೆಯ ನಮ್ಮ ಪರಿಚಯದ ಜೈನರ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಒಲೆ ಹತ್ತಿಸುವುದಿಲ್ಲ. ಹೊತ್ತು ನೋಡಿ ಉಣ್ಣುವುದು ನಮಗೆ ಹೊಸದಲ್ಲ ಅಲ್ವಾ ಅಂತ ಕೇಳಿದೆ. ಅದು ದೇವರಿಗೆ, ಇದು ಯಾರಿಗೆ ಅಂದರು. ಆಮೇಲೆ ಮೇ ತಿಂಗಳಲ್ಲಿ ಬಂದು ಎರಡು ದಿನ ನಮ್ಮಲ್ಲಿ ಇದ್ದಾಗ ಅಕ್ಕನ ತಂಬುಳಿ ರುಚಿ ನೋಡಿ, ಅವರಿಗೆ ಫೋನ್ ಮಾಡಿ, ಒಗ್ಗರಣೆಗೆ ತುಪ್ಪ ಹಾಕಿದ್ದಾ ಎಣ್ಣೆಯಾ ಅಂತ ಅರ್ಧ ಗಂಟೆ ಮಾತಾಡಿದರು.

ಉಪವಾಸವನ್ನೂ ಕೊಬ್ಬಿನ ಊಟವನ್ನೂ ಯಾಕೆ ಜೋಡಿಸುತ್ತಾರೆ ಅಂತ ನಾನೂ ಸ್ವಲ್ಪ ಓದಿಕೊಂಡೆ. ಉಪವಾಸ ಇದ್ದರೆ ಅಪಸ್ಮಾರದ ಸೆಳೆತ ಕಡಿಮೆಯಾಗುವುದನ್ನು ಹಿಂದೆಯೇ ಗಮನಿಸಿದ್ದರಂತೆ. ಆದರೆ ಎಷ್ಟು ದಿನ ಅಂತ ಉಪವಾಸ ಇಡುವುದು? ಅದಕ್ಕೇ 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಎಂಬ ಡಾಕ್ಟರ್, ಊಟ ಮಾಡುತ್ತಲೇ ಉಪವಾಸದ ಪರಿಣಾಮ ಬರುವ ಹಾಗೆ ಕೊಬ್ಬು ಜಾಸ್ತಿ, ಕಾರ್ಬ್ ತೀರಾ ಕಡಿಮೆ ಇರುವ ಪಥ್ಯ ಸೂಚಿಸಿದರು. ಕೀಟೋ ಎಂಬ ಹೆಸರು ಬಂದದ್ದು ಅಲ್ಲಿಂದ. ಕಾರ್ಬ್ ಸಿಗದಿದ್ದಾಗ ಲಿವರ್ ಕೊಬ್ಬಿನಿಂದ ಕೀಟೋನ್ ಎಂಬ ಬದಲಿ ಇಂಧನ ಮಾಡುತ್ತದೆ, ಉಪವಾಸದಲ್ಲೂ ಅದೇ ಆಗುತ್ತದೆ. ಕೊಬ್ಬಿನ ಊಟ ಮಾಡಿದವರಿಗೆ ಬೆಳಗ್ಗಿನ ಹಸಿವು ಅಷ್ಟು ಕಾಡುವುದಿಲ್ಲ ಅನ್ನುವುದು ನನ್ನ ಅನುಭವ. ಇಡ್ಲಿ ತಿಂದ ದಿನ ಹನ್ನೊಂದಕ್ಕೇ ಕೈ ನಡುಗುತ್ತಿತ್ತು, ಈಗ ಇಲ್ಲ.

ಮೊದಲ ವಾರ ಕಷ್ಟ. ಸುಳ್ಳು ಹೇಳುವುದಿಲ್ಲ. ಮೂರನೇ ದಿನ ತಲೆನೋವು, ರಾತ್ರಿ ಮೀನಖಂಡ ಹಿಡಿದುಕೊಂಡಿತು. ಇನ್ಸುಲಿನ್ ಇಳಿದಾಗ ಕಿಡ್ನಿ ಉಪ್ಪನ್ನು ಜಾಸ್ತಿ ಹೊರಗೆ ಹಾಕುತ್ತದೆ, ಅದರ ಜೊತೆ ನೀರೂ ಹೋಗುತ್ತದೆ. ಅಕ್ಕನಿಗೆ ಮೆಸೇಜ್ ಮಾಡಿದರೆ "ಬೆಳಗ್ಗೆ ಒಂದು ಲೋಟ ನೀರಿಗೆ ಉಪ್ಪು, ನಿಂಬೆ ಹಿಂಡಿ ಕುಡಿಯಿರಿ, ಬಿಪಿ ಇಲ್ಲ ಅಲ್ವಾ?" ಅಂತ ಕೇಳಿಯೇ ಹೇಳಿದರು. ಎರಡು ದಿನದಲ್ಲಿ ಸರಿಯಾಯಿತು. ಆ ವಾರ ಎರಡೂವರೆ ಕಿಲೋ ಇಳಿದಿದ್ದೆ. ಖುಷಿಯಲ್ಲಿ ಹೇಳಿದರೆ ಅವರು "ಅದು ನೀರು ಅಕ್ಕ, ಮುಂದಿನ ತಿಂಗಳು ನೋಡುವ" ಅಂದರು. ಸರಿಯಾದ ಮಾತು. ಮೈಯಲ್ಲಿ ಗ್ಲೈಕೋಜೆನ್ ಅಂತ ಕೂಡಿಟ್ಟ ಸಕ್ಕರೆಯ ಒಂದೊಂದು ಗ್ರಾಂ ಜೊತೆಗೂ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಅದು ಖಾಲಿಯಾದರೆ ತೂಕದ ಮಿಷನ್ ಮೇಲೆ ಕಾಣುತ್ತದೆ, ಕೊಬ್ಬು ಕರಗಿದ್ದು ಅಂತ ತಿಳಿಯಬಾರದು.

ಮುಂಚೆ ಹೇಳಿದ ಆ ಇನ್ನೊಂದು ಕಡೆಯವರ ಕಾಗದದಲ್ಲಿ ಉಪವಾಸ ಮಾಡಿದರೆ ಆಟೋಫೇಜಿ (ಜೀವಕೋಶ ತನ್ನ ಹಳೆಯ ಭಾಗಗಳನ್ನು ತಾನೇ ಒಡೆದು ಮತ್ತೆ ಬಳಸುವುದು) ಆಗಿ ಎಲ್ಲ ಕಾಯಿಲೆ ಹೋಗುತ್ತದೆ, ನೊಬೆಲ್ ಬಂದಿದೆ ಅಂತೆಲ್ಲ ಇತ್ತು. ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂದದ್ದು ನಿಜ, ಆದರೆ ಅವರ ಮುಖ್ಯ ಕೆಲಸ ಯೀಸ್ಟ್ ಮೇಲೆ. ನಮ್ಮ ಹದಿನಾರು ಗಂಟೆಯ ಉಪವಾಸಕ್ಕೆ ಅದನ್ನು ನೇರ ತಂದು ಅಂಟಿಸುವುದು ತಪ್ಪು. 2022ರಲ್ಲಿ ಚೀನಾದ ಗುವಾಂಗ್‌ಝೌನಲ್ಲಿ ಹೊತ್ತು ಕಟ್ಟಿ ತಿಂದರೆ ತೂಕ ಜಾಸ್ತಿ ಇಳಿಯುತ್ತದಾ ಅಂತ 139 ಜನರ ಮೇಲೆ ಒಂದು ವರ್ಷ ನೋಡಿದ್ದಾರೆ. ಎರಡು ಗುಂಪಿಗೂ ಕ್ಯಾಲರಿ ಕಡಿಮೆ ಮಾಡಿಸಿ, ಒಂದು ಗುಂಪಿಗೆ ಮಾತ್ರ ಬೆಳಗ್ಗೆ 8ರಿಂದ ಸಂಜೆ 4ರೊಳಗೆ ತಿನ್ನಿ ಅಂದರು. ಕೊನೆಗೆ ಇಳಿದ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ನನಗೆ ಗಡಿಯಾರ ಕೆಲಸಕ್ಕೆ ಬಂದದ್ದು ಯಾಕೆಂದರೆ ಬೆಳಗ್ಗಿನ ಬನ್ಸ್, ಹನ್ನೊಂದರ ಚಹಾ ಬಿಸ್ಕತ್ತು, ರಾತ್ರಿ ಹತ್ತರ ಚಕ್ಕುಲಿ ಮೂರೂ ತಾನಾಗಿ ನಿಂತವು.

ಈ ಅಕ್ಕನ ಮೇಲೆ ನನಗೆ ನಂಬಿಕೆ ಬಂದದ್ದು ಮೊದಲ ಫೋನಿನಲ್ಲೇ. ದುಡ್ಡಿನ ಮಾತಿಗಿಂತ ಮೊದಲು ಶುಗರಿನ ಮಾತ್ರೆ ಉಂಟಾ, ಇನ್ಸುಲಿನ್ ಉಂಟಾ, ಬಸುರಿಯಾ, ಎದೆಹಾಲು ಕುಡಿಸುತ್ತೀರಾ ಅಂತ ಕೇಳಿದರು. ನಮ್ಮ ಮಾವನೂ ಸೇರುತ್ತೇನೆ ಅಂದಾಗ ಅವರು ಗ್ಲಿಮೆಪಿರೈಡ್ ಎಂಬ ಶುಗರಿನ ಮಾತ್ರೆ ತೆಗೆದುಕೊಳ್ಳುತ್ತಾರೆ ಅಂತ ಗೊತ್ತಾಗಿ, ಡಾಕ್ಟರ್ ಒಪ್ಪದೆ ಡಬ್ಬಿ ಕಳಿಸುವುದಿಲ್ಲ ಅಂತ ಖಡಾಖಂಡಿತ ಹೇಳಿದರು. ಆ ಮಾತ್ರೆ ನುಂಗಿ ಊಟ ಬಿಟ್ಟರೆ ಶುಗರ್ ಅಪಾಯಕ್ಕೆ ಇಳಿಯಬಹುದು. ಡಾಪಾಗ್ಲಿಫ್ಲೋಝಿನ್ ಥರದ ಶುಗರಿನ ಮಾತ್ರೆ ಇದ್ದವರು ಕಾರ್ಬ್ ತೀರಾ ಇಳಿಸಿದರೆ ಕೀಟೋಅಸಿಡೋಸಿಸ್ (ಕೀಟೋನ್ ಮಿತಿಮೀರಿ ರಕ್ತ ಆಮ್ಲೀಯವಾಗುವ ಅಪಾಯದ ಸ್ಥಿತಿ) ಆಗುವ ಭಯ ಬೇರೆ. ದಯವಿಟ್ಟು ಮಾತ್ರೆ ತೆಗೆದುಕೊಳ್ಳುವವರು ಯಾರೂ ಡಾಕ್ಟರನ್ನು ಕೇಳದೆ ಸುಮ್ನೆ ಶುರು ಮಾಡಬೇಡಿ. ಮಾವನ ಡಾಕ್ಟರ್ ಬೇಡ ಅಂದರು, ಅಲ್ಲಿಗೆ ಬಿಟ್ಟೆವು.

ಈಗ ಒಂದು ಅಂಕ ಕಡಿಮೆ ಮಾಡಿದ್ದಕ್ಕೆ ಕಾರಣ. ಡಬ್ಬಿಯಲ್ಲಿ ಎಷ್ಟು ಕಾರ್ಬ್ ಉಂಟು ಅಂತ ಎಲ್ಲೂ ಬರೆಯುವುದಿಲ್ಲ. ನಾನೇ ಮನೆಯಲ್ಲಿ ತಕ್ಕಡಿ ಇಟ್ಟು ತೂಗಿ ಲೆಕ್ಕ ಹಾಕಿದ್ದೇನೆ, ಡಬ್ಬಿಗೆ 12ರಿಂದ 18 ಗ್ರಾಂ ಬರುತ್ತದೆ. ಕಟ್ಟುನಿಟ್ಟಾಗಿ 20ರೊಳಗೆ ಇರುವವರಿಗೆ ಇದು ಜಾಸ್ತಿ. ಒಂದು ಶುಕ್ರವಾರ ಕುಂದಾಪುರ ಶೈಲಿಯ ಚಿಕನ್ ಘೀ ರೋಸ್ಟ್ ಬಂದಿತ್ತು. ಬ್ಯಾಡಗಿ ಮೆಣಸಿನ ಕೆಂಪು, ಅಂಚಲ್ಲಿ ತುಪ್ಪ ಬಿಟ್ಟುಕೊಂಡು ಹೊಳೆಯುತ್ತಿತ್ತು. ಬಾಯಿಗಿಟ್ಟರೆ ಹಿಂದಿನಿಂದ ಸಣ್ಣ ಸಿಹಿ. ಕೇಳಿದೆ. "ಹೌದು ಅಕ್ಕ, ಚೂರು ಬೆಲ್ಲ ಹಾಕಿದೆ, ಇಲ್ಲದಿದ್ದರೆ ಹುಳಿ ಖಾರ ಕೂಡಿಬರುವುದಿಲ್ಲ. ಇನ್ನು ನಿಮ್ಮದು ಬೇರೆ ತೆಗೆದಿಡ್ತೇನೆ" ಅಂದರು. ಮುಚ್ಚಿಡಲಿಲ್ಲ, ಮುಂದಿನ ವಾರದಿಂದ ಬೆಲ್ಲವಿಲ್ಲದ್ದೇ ಬಂತು. ಆದರೆ ಕೇಳದವರ ಡಬ್ಬಿಗೆ ಹೋಗುತ್ತಲೇ ಇರುತ್ತದೆ ಅಲ್ವಾ? ಅದನ್ನು ಮೆನುವಿನಲ್ಲೇ ಬರೆಯಬೇಕು. ಸಸ್ಯಾಹಾರಿ ಡಬ್ಬಿಯೂ ಅಷ್ಟು ಬದಲಾಗುವುದಿಲ್ಲ, ನಮ್ಮ ಆಫೀಸಿನ ಗೆಳತಿಗೆ ವಾರದಲ್ಲಿ ನಾಲ್ಕು ದಿನ ಪನೀರೇ. ಮೊದಲು ಬಿಸಿ ಗಸಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತಿತ್ತು. ನಾವು ನಾಲ್ಕೈದು ಜನ ಹೇಳಿದ ಮೇಲೆ 600 ರೂಪಾಯಿ ಡಿಪಾಸಿಟ್ ತೆಗೆದುಕೊಂಡು ಸ್ಟೀಲಿಗೆ ಬದಲಾಯಿಸಿದರು.

ದರ ಮೀನು ಕೋಳಿಯದ್ದು ಡಬ್ಬಿಗೆ 150, ಸಸ್ಯಾಹಾರಿ 130. ತಿಂಗಳಿಗೆ 26 ದಿನ, ಎರಡು ಹೊತ್ತು ಅಂದರೆ 7,800 ರೂಪಾಯಿ. ಕಡಿಮೆ ಅಂತ ಹೇಳುವುದಿಲ್ಲ.

ಮೂರು ತಿಂಗಳಿಗೆ ನನ್ನ ತೂಕ 72. ಎಚ್‌ಬಿಎ1ಸಿ 5.8. ಆದರೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 118 ಇದ್ದದ್ದು 139ಕ್ಕೆ ಹೋಗಿದೆ. ಇದನ್ನು ಮುಚ್ಚಿಟ್ಟು ಬರೆದರೆ ಓದುವವರಿಗೆ ಮೋಸ. ತೆಂಗಿನೆಣ್ಣೆಯಲ್ಲಿ ಹತ್ತರಲ್ಲಿ ಎಂಟೊಂಬತ್ತು ಪಾಲು ಸ್ಯಾಚುರೇಟೆಡ್ ಕೊಬ್ಬು, ತುಪ್ಪದಲ್ಲೂ ಅದು ಜಾಸ್ತಿ. ಕೆಲವರಿಗೆ ಈ ಊಟದಲ್ಲಿ ಎಲ್‌ಡಿಎಲ್ ಏರುತ್ತದೆ, ಅದರಲ್ಲಿ ನಾನೂ ಒಬ್ಬಳು. ಡಾಕ್ಟರ್ ರಿಪೋರ್ಟ್ ನೋಡಿ ಕೊಬ್ಬಿನ ಬಗೆ ಬದಲಾಯಿಸಿ ಅಂದರು. ಅಕ್ಕನಿಗೆ ಹೇಳಿದೆ. ಈಗ ನನ್ನ ಪಲ್ಯಕ್ಕೆ ಶೇಂಗಾ ಎಣ್ಣೆ, ತುಪ್ಪ ವಾರಕ್ಕೆ ಎರಡು ದಿನ, ಕೋಳಿ ಕಡಿಮೆ ಮಾಡಿ ಮೀನು ಜಾಸ್ತಿ. ಸೆಪ್ಟೆಂಬರ್‌ನಲ್ಲಿ ಮತ್ತೆ ರಕ್ತ ಕೊಡಬೇಕು. ಶುರು ಮಾಡುವವರು ಮೊದಲೇ ಒಮ್ಮೆ ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲ್ ಪರೀಕ್ಷೆ) ಮಾಡಿಸಿಟ್ಟುಕೊಳ್ಳಿ, ಇಲ್ಲದಿದ್ದರೆ ಆಮೇಲೆ ಹೋಲಿಸಲಿಕ್ಕೆ ಏನೂ ಇರುವುದಿಲ್ಲ.

ಮೀನು ಜಾಸ್ತಿ ಅಂತ ಬರೆದೆ, ಆದರೆ ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ನಾಡದೋಣಿಯ ಮೀನು ಸಿಕ್ಕ ದಿನ ತಾಜಾ, ಇಲ್ಲದ ದಿನ ಮೊಟ್ಟೆ ಗಸಿಯ ಜೊತೆ ಒಣ ಸಿಗಡಿ ಚಟ್ನಿ ಕಳಿಸುತ್ತಾರೆ. ಸಿಗಡಿಯನ್ನು ಗರಿಗರಿ ಹುರಿದು, ತೆಂಗಿನ ತುರಿ, ಹುಣಸೆ, ಮೆಣಸು ಹಾಕಿ ತರಿತರಿಯಾಗಿ ರುಬ್ಬಿದ್ದು. ಹೊರಗೆ ಮಳೆ, ಡಬ್ಬಿ ಮುಚ್ಚಳದ ಒಳಗೆ ಹಬೆಯ ಹನಿ, ಆ ಚಟ್ನಿ. ಐಸಿನಲ್ಲಿಟ್ಟ ಹಳೆ ಮೀನಿಗಿಂತ ಅದು ಎಷ್ಟೋ ಮೇಲು.

ಪಡೀಲ್‌ನಿಂದ ಆಚೆ ಡಬ್ಬಿ ಕಳಿಸುವುದಿಲ್ಲ. ಭಾನುವಾರ ರಜೆ. ಮರುದಿನದ್ದು ಬೇಡ ಅಂದರೆ ಹಿಂದಿನ ರಾತ್ರಿ ಎಂಟರೊಳಗೆ ಹೇಳಬೇಕು, ಆಗ ಆ ದಿನದ ದುಡ್ಡು ಮುಂದಿನ ತಿಂಗಳಿಗೆ ಹಾಕುತ್ತಾರೆ. ನಾನು ನಾಲ್ಕನೇ ತಿಂಗಳದ್ದು ನಿನ್ನೆ ಕಟ್ಟಿದೆ. ಬೋಟುಗಳು ಇಳಿದ ಮೊದಲ ವಾರವೇ ಮೀನು ಇಳಿಸುವ ಧಕ್ಕೆಗೆ ತಾನೇ ಹೋಗಿ ಬಂಗುಡೆ ತರುತ್ತೇನೆ ಅಂತ ಅಕ್ಕ ಹೇಳಿದ್ದಾರೆ.