ಹಿತ್ತಲಿಗೆ ತಂದ ಗಿರಿರಾಜ

ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಹಿತ್ತಲಲ್ಲಿ ಸಾಕುವುದಕ್ಕೆಂದೇ ಬೆಳೆಸಿದ ಕೋಳಿ ತಳಿ. ಬಣ್ಣಬಣ್ಣದ ಪುಕ್ಕದಿಂದಾಗಿ ನಾಟಿ ಕೋಳಿಯಂತೆಯೇ ಕಾಣುವ ಇದು ಸೊಪ್ಪು, ಹುಳುಹುಪ್ಪಟೆ, ಅಡುಗೆಮನೆಯಲ್ಲಿ ಉಳಿದದ್ದು ಎಲ್ಲವನ್ನೂ ತಿಂದು ಬೆಳೆಯುತ್ತದೆ. ನಾಟಿ ಹೇಂಟೆ ವರ್ಷಕ್ಕೆ ಸುಮಾರು 50–60 ಮೊಟ್ಟೆ ಇಟ್ಟರೆ, ಇದು 130ರಿಂದ 150ರವರೆಗೆ ಇಡುತ್ತದೆ. ಹೊಸದಾಗಿ ಕೋಳಿ ಸಾಕಲು ಹೊರಟವರಿಗೆ ಧಾರಾಳವಾಗಿ ಶಿಫಾರಸು ಮಾಡಬಹುದಾದ ಹಕ್ಕಿಯಾದರೂ, ಕೋಳಿ ಸಾಕಣೆಯ ಪಾಠವನ್ನು ಇದೊಂದರಿಂದಲೇ ಪೂರ್ತಿ ಕಲಿಯಲಾಗದು.

ಒಂದು ದಿನದ ಮರಿಗಳನ್ನು ಕೊಂಡವರು ಮೊದಲು ಕಲಿಯುವುದು ಶಾಖದ ಲೆಕ್ಕವನ್ನು. ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಇರಬೇಕು, ನಂತರ ವಾರಕ್ಕೆ 3 ಡಿಗ್ರಿಯಂತೆ ತಗ್ಗಿಸಬೇಕು ಎಂದು ಕೈಪಿಡಿಗಳು ಹೇಳುತ್ತವೆ. ಆದರೆ ಅನುಭವಸ್ಥರು ಥರ್ಮಾಮೀಟರಿಗಿಂತ ಮರಿಗಳನ್ನೇ ಹೆಚ್ಚು ನೋಡುತ್ತಾರೆ. ಮರಿಗಳು ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಚೀರುತ್ತಿದ್ದರೆ ಚಳಿ, ಬಾಯಿ ತೆರೆದು ಅಂಚಿಗೆ ಸರಿದಿದ್ದರೆ ಸೆಕೆ, ಎಲ್ಲ ಕಡೆ ಹರಡಿಕೊಂಡು ಮೇಯುತ್ತಿದ್ದರೆ ಹದ ಸರಿಯಾಗಿದೆ ಎಂದರ್ಥ. ನೆಲಕ್ಕೆ ಹಾಸಿದ ಭತ್ತದ ಹೊಟ್ಟನ್ನೇ ಆಹಾರವೆಂದು ಮರಿಗಳು ತಿನ್ನದಂತೆ ಮೊದಲ ಕೆಲವು ದಿನ ಅದರ ಮೇಲೆ ಹಳೆಯ ಪತ್ರಿಕೆ ಹಾಸುವುದನ್ನೂ ಅವರಿಂದಲೇ ಕಲಿಯಬೇಕು.

ಲಸಿಕೆಯ ವಿಷಯ ಬಂದಾಗ ಒಬ್ಬರೇ ಸಾಕುವವರಿಗೆ ತೊಡಕು ಎದುರಾಗುತ್ತದೆ. ಕೋಳಿಗಳಲ್ಲಿ ಬೇಗ ಹರಡುವ ಕೊಕ್ಕರೆ ರೋಗದ (ರಾಣಿಖೇತ್) ವಿರುದ್ಧ ಮೊದಲ ವಾರದಲ್ಲೇ ಕಣ್ಣಿಗೋ ಮೂಗಿಗೋ ಹನಿ ಹಾಕಬೇಕಾಗುತ್ತದೆ. ಸಾಮಾನ್ಯವಾಗಿ ಚಿಕ್ಕ ಬಾಟಲಿಯಲ್ಲೂ ನೂರರಷ್ಟು ಮರಿಗಳಿಗೆ ಸಾಲುವಷ್ಟು ಮದ್ದಿರುತ್ತದೆ, ಅದನ್ನು ಕರಗಿಸಿದ ಮೇಲೆ ಒಂದೆರಡು ಗಂಟೆಯೊಳಗೆ ಬಳಸಿ ಮುಗಿಸಬೇಕು. ಹತ್ತು ಮರಿ ಸಾಕುವವರು ಅಕ್ಕಪಕ್ಕದವರೊಡನೆ ಸೇರಿ ಒಂದೇ ದಿನ ಹಾಕಿಸುವುದು ರೂಢಿಯಾದದ್ದು ಹೀಗೆ. ಯಾರ ಹುಂಜಕ್ಕೆ ಸಿಡುಬಾಯಿತು, ಯಾರ ಗೂಡಿನಲ್ಲಿ ರಕ್ತಭೇದಿ ಕಾಣಿಸಿತು ಎಂಬ ಸುದ್ದಿಯೂ ಆ ದಿನವೇ ಕೈಬದಲಾಗುತ್ತದೆ.

ಗಿರಿರಾಜದ ನಿಜವಾದ ಕೊರತೆ ಅರಿವಿಗೆ ಬರುವುದು ಮರಿ ಮಾಡಿಸಲು ಹೊರಟಾಗ. ಮೊಟ್ಟೆಯೇನೋ ಧಾರಾಳವಾಗಿ ಇಡುತ್ತದೆ, ಕಾವಿಗೆ ಮಾತ್ರ ಕೂರುವುದಿಲ್ಲ. ಆದ್ದರಿಂದ ಮೊಟ್ಟೆಗಳನ್ನು ನಾಟಿ ಹೇಂಟೆಯ ಕೆಳಗಿಟ್ಟು 21 ದಿನ ಕಾಯಬೇಕು. ಗಾತ್ರದಲ್ಲಿ ದೊಡ್ಡವಾದ್ದರಿಂದ ಸಾಮಾನ್ಯಕ್ಕಿಂತ ಕಡಿಮೆ ಇಡುವುದು ಲೇಸು. ಹಾಗೆ ಹುಟ್ಟಿದ ಮರಿಗಳಲ್ಲಿ ತಾಯಿತಂದೆಯ ಗುಣ ಅಷ್ಟೇ ಪ್ರಮಾಣದಲ್ಲಿ ಉಳಿಯುವುದಿಲ್ಲವೆಂಬುದನ್ನು ಮಾರುವವರು ಮೊದಲೇ ತಿಳಿಸುವುದು ಒಳ್ಳೆಯದು. ಭಾರವಾದ ಮೈಯಿಂದಾಗಿ ನಾಯಿ, ಮುಂಗುಸಿಗಳಿಂದ ತಪ್ಪಿಸಿಕೊಳ್ಳುವುದರಲ್ಲೂ ಇದು ನಾಟಿಯಷ್ಟು ಚುರುಕಲ್ಲ. ರಾತ್ರಿ ಗಟ್ಟಿಯಾದ ಗೂಡು ಬೇಕೇ ಬೇಕು.

ಬಲ್ಬು, ಹೊಟ್ಟು, ಲಸಿಕೆಗಳ ಸಿದ್ಧತೆಯಿಲ್ಲದವರು ಬೆಲೆ ಹೆಚ್ಚಾದರೂ ಲಸಿಕೆ ಹಾಕಿಸಿದ ಆರು ವಾರದ ಮರಿಗಳನ್ನೇ ಕೊಳ್ಳಲಿ, ಜೊತೆಗೆ ಕಾವು ಕೂರುವ ನಾಟಿ ಹೇಂಟೆಯೊಂದನ್ನೂ ತರಲಿ.